ಚಿಕ್ಕಬಾಣಾವರಕ್ಕೆ ನಾನು ಬರೆದ ಆಕ್ಷೇಪಣೆ

ಇಪ್ಪತ್ತೆರಡು ವರ್ಷ ಸರ್ಕಾರಿ ಕಡತಗಳಲ್ಲಿ ಕಾರಣ ಬರೆದವನು ನಾನು. ರಜೆ ಯಾಕೆ ಕೊಡಬಾರದು, ಬಡ್ತಿ ಯಾಕೆ ತಡೆಯಬೇಕು, ಮುರಿದ ಕುರ್ಚಿ ಯಾಕೆ ರಿಪೇರಿಯಾಗಬಾರದು, ಎಲ್ಲಕ್ಕೂ ಬರೆದಿದ್ದೇನೆ. “ವೆಂಕಟಸುಬ್ಬಯ್ಯ ಟಿಪ್ಪಣಿ ಹಾಕಿದ್ರೆ ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ಲ ಕಣ್ರೀ” ಎಂದು ಆಫೀಸಿನಲ್ಲಿ ಹೇಳುತ್ತಿದ್ದರು. ನಾನೂ ಒಳಗೊಳಗೇ ಉಬ್ಬುತ್ತಿದ್ದೆ. ಆ ಹೊಗಳಿಕೆಗಿಷ್ಟು ಬೆಂಕಿ ಹಾಕ!

೧೯೮೧ರಲ್ಲಿ ನಮ್ಮ ಬೀಜ ಪರೀಕ್ಷಾ ಮಂಡಳಿಯ ಕೇಂದ್ರ ಕಚೇರಿಯನ್ನು ಊರ ಹೊರಗೆ ಸಾಗಿಸಬೇಕೆಂದು ಆದೇಶ ಬಂತು. ಹತ್ತಾರು ಜಾಗ ನೋಡಿ, ಬಿಟ್ಟು, ಕೊನೆಗೆ ಎರಡು ಉಳಿದವು. ಒಂದು ವೈಟ್‌ಫೀಲ್ಡ್ ಸ್ಟೇಷನ್ನಿನ ಪಕ್ಕ ಕಾಡುಗೋಡಿಯಲ್ಲಿ, ಇನ್ನೊಂದು ಪೀಣ್ಯದಾಚೆ ಚಿಕ್ಕಬಾಣಾವರದಲ್ಲಿ. ಆರಿಸುವವರು ನಿರ್ದೇಶಕರಾದ ಶ್ಯಾಮಸುಂದರ ಸಾಹೇಬರು. ಎರಡನ್ನೂ ತೂಗಿ ನೋಡಿ ಟಿಪ್ಪಣಿ ಬರೆಯುವವನು ನಾನು, ಸೂಪರಿಂಟೆಂಡೆಂಟು.

ನಮ್ಮ ಮನೆ ಜಾಲಹಳ್ಳಿಯಲ್ಲಿ. ಹೆಂಡತಿ ಪಂಕಜಾ ಸುದ್ದಿ ಕೇಳಿದ್ದೇ ತಡ, ಶುರು ಮಾಡಿದಳು.

“ಚಿಕ್ಕಬಾಣಾವರಾನೇ ಮಾಡಿಸ್ರೀ. ಸೈಕಲ್ಲಲ್ಲಿ ಹೋಗಿ ಬರಬಹುದು. ಕಾಡುಗೋಡಿ ಅಂದ್ರೆ ಬೆಳಗ್ಗೆ ಏಳಕ್ಕೆ ಬಿಟ್ಟವರು ದೀಪ ಹಚ್ಚಿದ ಮೇಲೇ ಬರೋದು. ನಾನೊಬ್ಳೇ ಗೋಡೆ ನೋಡ್ಕೊಂಡು ಕೂತಿರ್ಲಾ?”

“ನೋಡೋಣ” ಎಂದೆ. ಮಕ್ಕಳಿಲ್ಲದ ಮನೆಯಲ್ಲಿ ಹಗಲು ಎಷ್ಟು ಉದ್ದ ಎಂಬುದು ನನಗೂ ಗೊತ್ತಿತ್ತು.

ಚಿಕ್ಕಬಾಣಾವರದ ಜಾಗ ನೋಡಲು ಸಾಹೇಬರ ಜೀಪಿನಲ್ಲಿ ಹೋದೆವು. ಕೆರೆಯ ಹಿಂದೆ ಮೂರು ಎಕರೆ. ದಾಖಲೆಯಲ್ಲಿ ‘ಸರ್ಕಾರಿ ಬೀಳು’ ಎಂದಿತ್ತು. ಲಂಟಾನ ಪೊದೆ, ಅಂಚಿಗೆ ಒಂದು ಸಾಲು ಹೊಂಗೆ ಮರ. ಜೀಪಿನಿಂದ ಇಳಿದವನು ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟೆ. ಕಡತದಲ್ಲಿ ಬರೀ ಸರ್ವೆ ನಂಬರ್ ನೋಡಿದ್ದ ನನಗೆ ಆ ಜಾಗ ಇದೇ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಎಂಟು ವರ್ಷದ ಹಿಂದೆ ನಾವು ಚಿಕ್ಕಬಾಣಾವರದಲ್ಲೇ ಬಾಡಿಗೆಗಿದ್ದೆವು. ನಮಗೊಬ್ಬಳು ಮಗಳಿದ್ದಳು, ಊರ್ಮಿಳಾ. ಹತ್ತು ತಿಂಗಳ ಕೂಸು ಎರಡು ದಿನ ವಾಂತಿ ಭೇದಿ ಮಾಡಿಕೊಂಡು ಹೋಗಿಬಿಟ್ಟಿತು. ಅಷ್ಟು ಸಣ್ಣ ಮಕ್ಕಳನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಮೇಲೆ ಗುರುತಿನ ಕಲ್ಲು ನೆಡುವುದಿಲ್ಲ, ವರ್ಷಕ್ಕೊಮ್ಮೆ ತಿಥಿಯೂ ಇಲ್ಲ. ಹೆತ್ತವಳು ಜೊತೆಗೆ ಹೋಗುವಂತಿಲ್ಲ. “ಪಂಕಜಾಗೆ ಜಾಗ ಹೇಳಕೂಡದು. ತಾಯಿ ಕರುಳು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ” ಎಂದು ನನ್ನ ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ಊರಿನ ದಾಸಪ್ಪ ಗುಂಡಿ ತೋಡಿದ. ನರಿ ಕೆದಕದ ಹಾಗೆ ಜಾಲಿ ಮುಳ್ಳು ಹೊದಿಸಿ ಕಲ್ಲು ಹೇರಿದ. ನಾನು ತಿರುಗಿ ನೋಡದೆ ಬಂದೆ. “ಎಲ್ಲಿ?” ಎಂದು ಪಂಕಜಾ ಒಂದೇ ಸಲ ಕೇಳಿದ್ದು. “ದೂರ” ಎಂದೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ಸಾಹೇಬರು ಇಂಜಿನಿಯರ್ ಜೊತೆ ಟೇಪು ಹಿಡಿಸುತ್ತಿದ್ದಾಗ ಹಸು ಮೇಯಿಸುತ್ತಿದ್ದ ಮುದುಕನೊಬ್ಬ ಹತ್ತಿರ ಬಂದ. ದಾಸಪ್ಪನೇ.

“ಸ್ವಾಮೇರು ಮರ್ತಿಲ್ಲ ತಾನೆ? ಮೂರ್ನೇ ಒಂಗೆ ಮರದ ಬುಡ್ದಾಗೈತೆ ನಿಮ್ಮ ಕೂಸು. ನಮ್ಮವೂ ಎಲ್ಡವೆ ಈ ಕಡೀಕೆ. ಇಲ್ಲಿ ಆಪೀಸು ಕಟ್ತಾರಂತೆ, ದಿಟವಾ?”

“ಇನ್ನೂ ತೀರ್ಮಾನ ಆಗಿಲ್ಲ ದಾಸಪ್ಪ.”

“ಅಂಗಾದ್ರೆ ನಿಮ್ಮ ಸಾಯೇಬ್ರಿಗೆ ಒಂದ್ಮಾತು ಏಳ್ಬುಡಿ ಸ್ವಾಮಿ. ನಾವೇಳಿದ್ರೆ ಕಲ್ಲೆಲ್ಲಯ್ಯಾ, ಗುರ್ತೆಲ್ಲಯ್ಯಾ ಅಂತಾರೆ. ನೀವು ಓದ್ದೋರು, ಅವರ ಜೊತೇಲೇ ಇರೋರು.”

“ಹೇಳ್ತೀನಿ” ಎಂದೆ. ಅವನು ಕೈ ಮುಗಿದ.

ಹೇಳಿದೆನೇ? ಎಲ್ಲಿ ಹೇಳಿದೆ! ವಾಪಸು ಬರುವಾಗ ಸಾಹೇಬರೇ ಕೇಳಿದರು. “ಏನ್ರೀ ವೆಂಕಟಸುಬ್ಬಯ್ಯ, ಹೀಗೆ ಬೆವರ್ತಾ ಇದೀರ? ಜಾಗ ಹಿಡಿಸ್ಲಿಲ್ವಾ?” ಮಾತು ಗಂಟಲವರೆಗೆ ಬಂದಿತ್ತು. “ಬಿಸಿಲು ಸಾರ್” ಎಂದೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಇವತ್ತು ಅವನನ್ನು ನಾಲ್ಕು ಕೇಳುತ್ತಿದ್ದೆ.

ಕಡತದಲ್ಲಿ ಸ್ವಂತದ್ದು ಬರೆಯಬಾರದು. ಕೆಲಸಕ್ಕೆ ಸೇರಿದ ದಿನವೇ ಕಲಿಸಿದ ಪಾಠ ಅದು. ಸರ್ಕಾರದ ಕಟ್ಟಡ ಎಲ್ಲಿ ಬರಬೇಕೆಂಬ ಪ್ರಶ್ನೆಗೆ ನನ್ನ ಮಗಳು ಉತ್ತರವಾಗುತ್ತಾಳೆಯೇ? ಓದಿದವರು ನಕ್ಕಾರು ಎನಿಸಿತು. ಬಾಯಿ ಬಿಟ್ಟರೆ ಪಂಕಜಾಗೂ ತಿಳಿಯುತ್ತದೆ ಎಂಬ ಭಯ ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ದುಂಡಗೆ ಬರೆದೆ: ‘ಚಿಕ್ಕಬಾಣಾವರದ ನಿವೇಶನದಲ್ಲಿ ನೀರಿನ ಅಭಾವವಿರುವಂತೆ ತೋರುತ್ತದೆ. ಕಾಡುಗೋಡಿಯನ್ನು ಪರಿಗಣಿಸಬಹುದು.’

ನಾಲ್ಕನೇ ದಿನ ಕಡತ ವಾಪಸು ಬಂತು. ಅಂಚಿನಲ್ಲಿ ಸಾಹೇಬರ ಹಸಿರು ಶಾಯಿ: ‘ತೋರುತ್ತದೆ ಎಂದರೆ ಸಾಲದು. ಕೊಳವೆ ಬಾವಿ ಕೊರೆಸಿ ನೋಡಿ.’

ಅಯ್ಯೋ ದೇವರೇ! ನಾನು ನೀರು ಎಂದು ಬರೆಯದಿದ್ದರೆ ಆ ನೆಲಕ್ಕೆ ಯಂತ್ರ ಇಷ್ಟು ಬೇಗ ಹೋಗುತ್ತಲೇ ಇರಲಿಲ್ಲ. ಭೂಗರ್ಭ ಇಲಾಖೆಯವನ ಜೊತೆ ನಾನೇ ಹೋಗಬೇಕಾಯಿತು. ಅವನು ನೀರಿನ ಸೆಲೆ ಹುಡುಕುವ ಪೆಟ್ಟಿಗೆ ಹಿಡಿದು, ತಂತಿ ಹಾಸಿ, ಅತ್ತಿತ್ತ ಓಡಾಡಿ, ಮೂರನೇ ಹೊಂಗೆಯ ಬುಡದಲ್ಲಿ ಸುಣ್ಣದ ಗುರುತು ಹಾಕಿದ.

“ಸ್ವಲ್ಪ ಆ ಕಡೆ ನೋಡಿ ಸಾರ್” ಎಂದೆ.

“ನೀರೇ ಇಲ್ಲ ಅಂತ ಬರೆದವರು ನೀವು. ಎಲ್ಲಿದೆ ಅಂತಾನೂ ನೀವೇ ಹೇಳ್ತೀರಾ?” ಎಂದು ಅವನು ನಕ್ಕ. ನಾನೂ ಹಲ್ಲು ಕಿರಿದೆ. ಹೌದು, ಅಲ್ಲಿ ನಿಂತು ಹಲ್ಲು ಕಿರಿದೆ.

ಮರ ಕಡಿದರು. ಯಂತ್ರ ನಿಲ್ಲಿಸಲು ನೆಲ ಅಗೆದರು. ಅಗೆದವರಿಗೆ ಏನೂ ಸಿಗಲಿಲ್ಲ. ಹತ್ತು ತಿಂಗಳ ಕೂಸು, ಎಂಟು ವರ್ಷ ಕಳೆದಿದೆ, ಏನು ತಾನೇ ಉಳಿದಿರುತ್ತದೆ? ಬರೀ ಮಣ್ಣು. ಆ ಮಣ್ಣನ್ನು ಬಾಂಡಲಿಯಲ್ಲಿ ಹೊತ್ತು ರಸ್ತೆಯ ಹಳ್ಳಕ್ಕೆ ಸುರಿದರು. ದಾಸಪ್ಪ ದೂರದಲ್ಲಿ ಟವೆಲನ್ನು ಬಾಯಿಗೊತ್ತಿಕೊಂಡು ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದ.

“ಏಳ್ಲಿಲ್ವಾ ಸ್ವಾಮಿ?”

“ಬರೆದಿದ್ದೆ ದಾಸಪ್ಪ.”

“ಬರ್ದಿದ್ರೆ ಯಾಕಿಂಗಾಯ್ತು?” ಅವನು ನಿಜವಾಗಿಯೂ ತಿಳಿಯದೆ ಕೇಳಿದ. ನಾನು ವಾಚು ನೋಡಿಕೊಂಡೆ. ಇನ್ನೂರು ಅಡಿಗೆ ನೀರು ಚಿಮ್ಮಿತು, ಎರಡೂವರೆ ಇಂಚು. ಕಾಡುಗೋಡಿಯ ಕಡತ ಮುಚ್ಚಿತು.

ಪಂಪು ಕೂರಿಸಿ ಸುತ್ತ ಸಿಮೆಂಟು ಹಾಕಿಸಿದ ಮೇಲೆ ಗುದ್ದಲಿ ಪೂಜೆ ಇಟ್ಟುಕೊಂಡರು. ನೌಕರರ ಮನೆಯವರಿಗೂ ಕರೆ. ಪಂಕಜಾ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದಳು. ತನ್ನ ಮಾತು ನಾನು ನಡೆಸಿಕೊಟ್ಟೆ ಎಂಬ ಖುಷಿ ಅವಳಿಗೆ. ಪೂಜೆ ಮುಗಿದು ಸಾಹೇಬರ ಹೆಂಡತಿ ಹೊಸ ಬಾವಿಯ ನೀರಿಗೆ ತುಳಸಿ ಹಾಕಿ ಎಲ್ಲರಿಗೂ ತೀರ್ಥ ಕೊಡುತ್ತ ಬಂದರು. ಪಂಕಜಾ ಅಂಗೈ ಒಡ್ಡಿದಳು. ನಾನು ಅವಳ ಮುಂಗೈ ಹಿಡಿದುಕೊಂಡೆ.

“ಬೇಡ.”

“ಏನ್ರೀ ಇದು, ಎಲ್ಲರೆದುರಿಗೆ?”

ಆಗ ಹೇಳಿದೆ. ಎಂಟು ವರ್ಷ ಹೇಳದಿದ್ದದ್ದನ್ನು ಪೂಜೆಯ ಪೆಂಡಾಲಿನಲ್ಲಿ, ತೀರ್ಥದ ಮುಂದೆ ಹೇಳಿದೆ. ಪಂಕಜಾ ಅಳಲಿಲ್ಲ, ಒಡ್ಡಿದ ಕೈ ಹಾಗೇ ಇತ್ತು. ಕೇಳಿಸಿಕೊಂಡ ಸಾಹೇಬರ ಮುಖ ಕಪ್ಪಿಟ್ಟಿತು.

“ವೆಂಕಟಸುಬ್ಬಯ್ಯ, ನಂಗೆ ಎರಡೂ ಜಾಗ ಒಂದೇ ಆಗಿತ್ತು ಕಣ್ರೀ. ಆವತ್ತು ಜೀಪಲ್ಲಿ ಒಂದ್ಮಾತು ಹೇಳಿದ್ರೆ ಮುಗೀತಿತ್ತು. ನಾನೂ ಮಕ್ಕಳೊಂದಿಗನೇ. ಯಾಕ್ರೀ ಹೇಳ್ಲಿಲ್ಲ?”

ಪಂಕಜಾ ಎದ್ದು ಪಂಪಿನ ಬಳಿಗೆ ಹೋದಳು. ನಾನು ಹಿಂದೆಯೇ ಹೋದೆ.

“ಇಲ್ಲೇನಾ?”

“ಇಲ್ಲೇ.”

ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಕ್ಕರಿಸಿ, ಸಿಮೆಂಟಿನ ಮೇಲೆ ಕೈ ಇಟ್ಟಳು. “ನೀವು ಜಾಗ ಮರೆತಿದ್ರೆ ಕ್ಷಮಿಸ್ತಿದ್ದೆ ರೀ. ಗೊತ್ತಿತ್ತಲ್ಲ ನಿಮಗೆ. ಮರ ಕಡಿಯೋವಾಗ್ಲೂ ಗೊತ್ತಿತ್ತಲ್ಲ.”

ಅವಳ ಪಕ್ಕ ಕೂರಲು ಹೋದೆ. ಅವಳು ತಲೆಯೆತ್ತದೆ ಇನ್ನೊಂದು ಕೈಯಿಂದ ತಡೆದಳು.

“ಆವತ್ತು ನೀವೊಬ್ರೇ ಎತ್ಕೊಂಡು ಬಂದ್ರಿ. ನನ್ನ ಕರೀಲಿಲ್ಲ. ಇವತ್ತು ನನ್ನೊಬ್ಳನ್ನೇ ಬಿಡಿ, ದೂರ ಹೋಗಿ.”

ಹೋದೆ.