ನೂರಕ್ಕೆ ಹದಿನೇಳು

ಊರಿನ ಬೀಜದ ಕೋಣೆಯಲ್ಲಿ ಒದ್ದೆ ಬಟ್ಟೆಯ ಸುರುಳಿ ಬಿಚ್ಚಿ ಬೀಜದಕ್ಕ ಮೂರನೆಯ ಸಲ ಎಣಿಸಿದಳು. ಎಷ್ಟು ಸಲ ಎಣಿಸಿದರೂ ಅಷ್ಟೇ. ಬೀಜ ಹುಟ್ಟುತ್ತದೆಯೇ ನೋಡಲೆಂದು ನೂರು ಮೆಕ್ಕೆಜೋಳದ ಕಾಳು ಸುತ್ತಿಟ್ಟು ಏಳು ದಿನವಾಗಿತ್ತು. ಮೊಳಕೆ ಬಂದದ್ದು ಹದಿನೇಳು. ಉಳಿದವು ಉಬ್ಬಿ, ಬೂಷ್ಟು ಹಿಡಿದು, ಹುಳಿ ವಾಸನೆ ಹೊಡೆಯುತ್ತಿದ್ದವು.

ಹೊರಗೆ ಆಗಲೇ ಸಾಲು ನಿಂತಿತ್ತು. ಅರವತ್ತು ಮನೆಯವರು, ಕೈಯಲ್ಲಿ ಖಾಲಿ ಚೀಲ, ಬಾಯಿ ತುಂಬ ಮಾತು. ಹಿಂದಿನ ದಿನವಷ್ಟೇ ಹದವಾದ ಮಳೆ ಬಿದ್ದಿತ್ತು. ನಾಲ್ಕು ದಿನದೊಳಗೆ ಬಿತ್ತದಿದ್ದರೆ ನೆಲ ಆರುತ್ತದೆ, ಈ ಹಂಗಾಮು ಕೈಬಿಟ್ಟಂತೆಯೇ.

ಈ ಬೀಜದ ಕೋಣೆ ಅವಳದೇ ಹಟದಿಂದ ಆದದ್ದು. ಅಂಗಡಿಯ ಬೀಜ ದೊಡ್ಡ ಚೀಲದಲ್ಲೇ ಬರುತ್ತದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ತುಂಡು ನೆಲದವರಿಗೆ ಅದು ಎಟುಕುವ ಮಾತೇ? "ನಿಮ್ ನಿಮ್ ಮಡಕೇಲಿಟ್ಟು ಹುಳಕ್ಕೆ ಯಾಕೆ ಹಾಕ್ತೀರಾ? ಎಲ್ಲಾ ಒಂದು ಕಡೆ ಇಡೋಣ. ಬಿತ್ತೋವಾಗ ಒಂದು ಸೇರು ತಗೊಳ್ಳಿ, ಕೊಯ್ಲಾದ್ಮೇಲೆ ಒಂದೂವರೆ ತಂದ್ಕೊಡಿ" ಎಂದು ಮನೆಮನೆಗೆ ಹೋಗಿ ಬೆನ್ನು ಬಿದ್ದಿದ್ದಳು. ನಂಬಿ ಎಲ್ಲರೂ ತಂದು ಸುರಿದಿದ್ದರು. ಈಗ ಯಾರ ಮನೆಯಲ್ಲೂ ಬಿತ್ತಲು ಒಂದು ಹಿಡಿ ಕಾಳಿರಲಿಲ್ಲ.

ಕಾಳು ಒಣಗಿದೆಯೇ ಎಂದು ನೋಡುವುದು ಹಲ್ಲಿನಿಂದ. ದವಡೆ ಹಲ್ಲಿಗೆ ಕೊಟ್ಟು ಕಚ್ಚಬೇಕು. ಕಟಕ್ಕೆಂದು ಒಡೆದರೆ ಡಬ್ಬಿಗೆ, ಮೆತ್ತಗೆ ಒತ್ತಿಕೊಂಡರೆ ಮತ್ತೆ ಬಿಸಿಲಿಗೆ. ಹೋದ ಕೊಯ್ಲಿನ ಹೊತ್ತಿಗೆ ಬೀಜದಕ್ಕನ ದವಡೆ ಹಲ್ಲು ಎರಡೂ ಕಡೆ ಕೀಳಿಸಿಯಾಗಿತ್ತು. ಊರಿಗೇ ಬೀಜದಕ್ಕ ಎನಿಸಿಕೊಂಡವಳು, ನನಗೆ ಹಲ್ಲಿಲ್ಲ, ನೀವೇ ಕಚ್ಚಿ ನೋಡಿ ಎನ್ನುವುದು ಹೇಗೆ! ಮುಂದಿನ ಹಲ್ಲಲ್ಲಿ ಚೂರು ಕಡಿದಂತೆ ಮಾಡಿ "ಹೂಂ, ಆಗಿದೆ" ಎಂದಿದ್ದಳು. ಗಾಳಿಯಾಡದ ಡಬ್ಬಿಗಳಿಗೆ ತುಂಬಿ ಮುಚ್ಚಳ ಜಡಿದದ್ದಾಯಿತು. ಒಳಗೆ ಹಸಿ ಕಾಳು ಬೆವತು ಸತ್ತಿತು. ಅಯ್ಯೋ ಪುಣ್ಯಾತ್ಗಿತ್ತಿ, ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು!

ಪಕ್ಕದಲ್ಲಿದ್ದ ಮೈದುನ ದನಿ ತಗ್ಗಿಸಿದ. "ಅತ್ತಿಗೆ, ಸುಮ್ನೆ ಹಂಚಿಬಿಡಿ. ಹುಟ್ಲಿಲ್ಲ ಅಂದ್ರೆ ಮಳೆ ಸಾಲ್ಲಿಲ್ಲ ಅನ್ನೋಣ. ಯಾರಿಗ್ಗೊತ್ತಾಗುತ್ತೆ?"

ಸುಳ್ಳೇಕೆ, ಒಂದು ಗಳಿಗೆ ಅವಳಿಗೂ ಹಾಗೇ ಅನ್ನಿಸಿತು. ಸೇರನ್ನು ಡಬ್ಬಿಗೆ ಇಳಿಸಿಯೂಬಿಟ್ಟಳು.

ಸಾಲಿನ ಮೊದಲಿಗೆ ಅರ್ಧೆಕರೆ ನಿಂತಿದ್ದಳು. ಇರುವುದು ಅರ್ಧ ಎಕರೆ, ಬಾಯಿ ಮಾತ್ರ ಹತ್ತೆಕರೆ ಎಂದು ಊರವರು ಇಟ್ಟ ಹೆಸರು. "ಬೇಗ ಅಳೆದ್ಕೊಡಕ್ಕಾ, ಗುಣಿ ತೋಡಿಟ್ಟೇ ಬಂದಿದೀನಿ. ಮಕ್ಕಳು ಹೊಲದಲ್ಲೇ ಕಾಯ್ತಾ ಕೂತಿವೆ."

ಬೀಜದಕ್ಕ ಸೇರು ಬಿಟ್ಟು, ಆ ಒದ್ದೆ ಬಟ್ಟೆಯನ್ನೇ ಹೊರಗೆ ತಂದು ಎಲ್ಲರ ಮುಂದೆ ಹಾಸಿದಳು. ಹಲ್ಲಿನ ವಿಷಯವನ್ನೂ ಮುಚ್ಚಿಡಲಿಲ್ಲ. "ಬೀಜ ಸತ್ತಿದೆ. ಸಾಯಿಸಿದ್ದು ನಾನೇ" ಎಂದಳು.

"ನಮ್ ಮಡಕೇಲೇ ಇದ್ದಿದ್ರೆ ಹುಳ ತಿಂದು ಅರ್ಧನಾದ್ರೂ ಉಳೀತಿತ್ತಲ್ಲೇ!" ಎಂದು ಒಬ್ಬ ಅಜ್ಜಿ ಎದೆ ಬಡಿದುಕೊಂಡಳು. ಸಾಲಿನಲ್ಲಿದ್ದ ಊರ ಬಡಗಿ ತನ್ನ ಚೀಲವನ್ನು ಮುದುಡಿ ಬೀಜದಕ್ಕನ ಮುಖಕ್ಕೇ ಎಸೆದ. ಬಾಯಿಗೆ ಬಂದಂತೆ ಬೈದು ಎಲ್ಲರೂ ಅಂಗಡಿ ಬೀದಿಯ ಕಡೆ ನಡೆದರು.

ಅರ್ಧೆಕರೆ ಮಾತ್ರ ಕದಲಲಿಲ್ಲ.

"ನೀನೂ ಬೈದು ಹೋಗೇ."

"ಬೈಯೋದು ಇದ್ದೇ ಇದೆ. ನನ್ನ ಸೇರು ಅಳೆದ್ಕೊಡು."

"ನೂರಕ್ಕೆ ಹದಿನೇಳು ಕಣೇ!"

"ಸೊನ್ನೆ ಅಲ್ವಲ್ಲ."

ಬೀಜದಕ್ಕ ಅಳುತ್ತಲೇ ಒಂದು ಸೇರು ಸುರಿದಳು. ಎರಡನೆಯದಕ್ಕೆ ಅರ್ಧೆಕರೆ ಅವಳ ಕೈ ಹಿಡಿದಳು. "ಸಾಕು."

"ತಗೊಳೇ, ಒಂದೊಂದು ಗುಣಿಗೆ ಆರಾರು ಹಾಕು, ಒಂದಾದ್ರೂ ಹುಟ್ಟೀತು. ಅವರೆಲ್ಲ ಅಂಗಡಿಗೆ ಹೋದ್ರು, ಇನ್ಯಾರಿಗಿಡ್ಲಿ?"

"ಬೆಲೆ ಕೇಳೋಕೆ ಹೋಗಿದಾರೆ ಅಷ್ಟೆ ಅಕ್ಕ. ಕೇಳ್ಕೊಂಡು ವಾಪಸ್ ಬರ್ತಾರೆ. ಅವರ ಪಾಲು ಅವರಿಗಿರ್ಲಿ."

ಅವಳು ಚೀಲ ಕಟ್ಟಿಕೊಂಡು ಹೋದಳು. ಬೀಜದಕ್ಕ ಬಾಗಿಲು ಹಾಕದೆ ಡಬ್ಬಿಗಳ ಪಕ್ಕ ಕುಳಿತಳು.

ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವನು ಬಡಗಿ. ಅವಳ ಮುಖ ನೋಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ತನ್ನ ಚೀಲ ಎತ್ತಿಕೊಂಡು, ಕೊಡವಿ, ಅದರ ಬಾಯಿ ಅಗಲಿಸಿ ಹಿಡಿದ.