ಪಿಕಪ್ಪಿನ ರಬ್ಬರ್ ಹಾಸು

ಅಕ್ಕನ ಪಿಕಪ್ಪಿಗೆ ವಯಸ್ಸಾಗಿತ್ತು. ಅದರ ಇಂಜಿನ್ನಿಗೆ ಇನ್ನೂ ಆಗಿರಲಿಲ್ಲ. ನರ್ಸರಿಯ ಗಿಡ, ಮಣ್ಣು, ಕುಂಡಗಳನ್ನು ಹೊತ್ತು ದಿನವೂ ಓಡುತ್ತಿದ್ದ ಆ ಗಾಡಿಯಲ್ಲಿ ಕೆಟ್ಟಿದ್ದು ಕಾಲಡಿಯ ಕಾರ್ಪೆಟ್ ಒಂದೇ. ಕೆಸರು ಬೂಟು, ಗೊಬ್ಬರದ ಪುಡಿ, ಸೋರುವ ಕ್ಯಾನು ಎಲ್ಲದರ ರಸವನ್ನೂ ಹೀರಿಕೊಂಡು ಅದು ಗಬ್ಬು ನಾರುತ್ತಿತ್ತು. ಎಂಥ ಚಳಿಯಲ್ಲೂ ಅಕ್ಕ ಕಿಟಕಿ ಇಳಿಸಿಯೇ ಓಡಿಸುತ್ತಿದ್ದಳು.

ಅಷ್ಟು ಹಳೆಯ ಗಾಡಿಯ ಅಳತೆಗೆ ಸಿದ್ಧವಾದ ಹಾಸು ಎಲ್ಲೂ ಸಿಗಲಿಲ್ಲ. ಕೊನೆಗೆ ಅಗಲವಾದ ರಬ್ಬರಿನ ಒಂದು ಸುರುಳಿ ತಂದು, ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ ತೋರಿಸಿದಳು. ಅವನು ಗಾಡಿಯೊಳಗೆ ಇಣುಕಿ ಅಡ್ಡಡ್ಡ ತಲೆಯಾಡಿಸಿದ.

"ಮಧ್ಯ ಗೇರ್‌ಬಾಕ್ಸಿನ ಉಬ್ಬು ಇದೆಯಲ್ಲ ಮೇಡಂ, ಅದರ ಮೇಲೆ ಒಂದೇ ತುಂಡು ಕೂರಲ್ಲ. ಮೂರು ತುಂಡು ಮಾಡಿ ಅಂಟಿಸ್ಕೊಡ್ತೀನಿ."

"ಸಂದೀಲಿ ನೀರು ಇಳಿಯಲ್ವಾ?"

"ಇಳಿಯತ್ತೆ, ಸ್ವಲ್ಪ."

ತಂಗಿ ಹೊಸಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ದರ್ಜಿ. ಸಿದ್ಧ ಉಡುಪಿನ ಕಾಲದಲ್ಲಿ ಅಂಗಡಿ ನಡೆಯದೆ ಮುಚ್ಚಿ, ಅಕ್ಕನ ಮನೆ ಸೇರಿದ ಮೇಲೆ ಕತ್ತರಿಯನ್ನೇ ಮುಟ್ಟಿರಲಿಲ್ಲ. ಏನು ಹೇಳಿದರೂ "ನನ್ ಕೈಲಾಗಲ್ಲ" ಎನ್ನುವುದು ರೂಢಿಯಾಗಿತ್ತು. ಆವತ್ತು ಬಾಯಿ ಅವಳನ್ನು ಕೇಳದೆಯೇ ಮಾತಾಡಿಬಿಟ್ಟಿತು.

"ಉಬ್ಬು ತಗ್ಗಿಗೆ ಕೂರಿಸೋದು ತಾನೇ? ನಾನು ಮಾಡ್ತೀನಿ."

"ಇದು ಅಂಗಿ ಅಲ್ಲ ಕಣೇ," ಅಕ್ಕ ನಕ್ಕಳು.

"ಅಂಗಿಗಿಂತ ವಾಸಿ. ಬಿಗಿಯಾಯ್ತು ಅಂತ ತಕರಾರು ತೆಗೆಯಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಸೀಟಿನ ಬೋಲ್ಟ್ ಬಿಚ್ಚಲು ಕೂತರು. ಒಂದು ಬೋಲ್ಟಂತೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಬ್ಬರೂ ಪಾನಾಕ್ಕೆ ಜೋತುಬಿದ್ದ ಮೇಲೆ ಕಿರ್ರೆಂದು ತಿರುಗಿತು. ಕಾರ್ಪೆಟ್ ಕಿತ್ತು, ತಗಡು ಉಜ್ಜಿ, ತೊಳೆದು ಒಣಗಿಸಿ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದರು. ಬಣ್ಣ ಆರುವಷ್ಟರಲ್ಲಿ ಸುರುಳಿ ಬಿಸಿಲಿನಲ್ಲಿ ಮೈಸಡಿಲಿಸಿ ಮಲಗಿತ್ತು.

ತಂಗಿ ಹಳೆಯ ಪೇಪರುಗಳನ್ನು ಅಂಟಿಸಿ, ನೆಲಕ್ಕೆ ಅಂಗೈಯಿಂದ ಒತ್ತಿ ಒತ್ತಿ ಅಚ್ಚು ತೆಗೆದಳು. ಅದನ್ನು ಮಗುಚಿ ರಬ್ಬರಿನ ನುಣುಪು ಬೆನ್ನಿನ ಮೇಲಿಟ್ಟು ಗೆರೆ ಎಳೆದಳು. ಕತ್ತರಿ ಎತ್ತಿದವಳು ಹಾಗೇ ನಿಂತುಬಿಟ್ಟಳು. ತಪ್ಪಿದರೆ ಇನ್ನೊಂದು ಸುರುಳಿ ಇರಲಿಲ್ಲ. ಅಕ್ಕ ಬಂದು ರಬ್ಬರಿನ ಅಂಚು ಹಿಡಿದುಕೊಂಡಳು. ಕತ್ತರಿ ಕಚಕ್ಕೆಂದಿತು. ಆಮೇಲೆ ಎಲ್ಲೂ ನಿಲ್ಲಲಿಲ್ಲ.

ಗೇರಿನ ಕಡ್ಡಿ ತೂರಲು ಮೊದಲು ಅಂಗಿಯ ಗುಂಡಿಮನೆಯಷ್ಟೇ ಸೀಳು ಬಿಟ್ಟು, ಕೂರಿಸಿ ನೋಡಿ ದೊಡ್ಡದು ಮಾಡಿದಳು. ಆದರೆ ಉಬ್ಬಿನ ಪಕ್ಕದಲ್ಲಿ ದಪ್ಪ ಸುಕ್ಕೊಂದು ಎದ್ದು ನಿಂತಿತು.

"ಹೇಳ್ಲಿಲ್ವಾ?" ಎಂದ, ಕುತೂಹಲಕ್ಕೆ ಬಂದು ನಿಂತಿದ್ದ ಮೆಕ್ಯಾನಿಕ್. "ಅಲ್ಲೇ ಕತ್ತರಿಸಿಬಿಡಿ."

"ಕತ್ತರಿಸಲ್ಲ. ಅಕ್ಕ, ಬಿಸಿನೀರು ತಗೊಂಬಾ. ಮಣ್ಣಿನ ಚೀಲಾನೂ."

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುಕ್ಕಿನ ಮೇಲೆ ಮತ್ತೆ ಮತ್ತೆ ಹಾಸಿದಳು. ರಬ್ಬರು ಮೆತ್ತಗಾದಂತೆ ಉಬ್ಬಿನ ನೆತ್ತಿಯಿಂದ ಅಂಚಿನತ್ತ ನೀವಿ, ಮೇಲೆ ಚೀಲ ಹೇರಿದಳು. ಬಿಸಿಗೆ ಬೆರಳೆಲ್ಲ ಕೆಂಪಾಗಿದ್ದವು. ಊಟ ಮುಗಿಸಿ ಬಂದು ಚೀಲ ಎತ್ತಿದರೆ ಸುಕ್ಕಿನ ಸುಳಿವೇ ಇಲ್ಲ.

ಸೀಟು ಕೂರಿಸುವ ಮುಂಚೆ ಅಕ್ಕ ಒಂದು ಬಕೆಟ್ ನೀರು ತಂದು ಒಳಗೆ ಸುರಿದೇಬಿಟ್ಟಳು. ಮೆಕ್ಯಾನಿಕ್ "ಅಯ್ಯಯ್ಯೋ!" ಎಂದು ಹಾರಿದ. ನೀರು ಉಬ್ಬಿನ ಎರಡೂ ಪಕ್ಕಕ್ಕೆ ಇಳಿದು ಹೊಂಡದಂತೆ ನಿಂತಿತು. ಅಕ್ಕ ಹಿಂದಿನ ಅಂಚಿನಿಂದ ಹಾಸಿನಡಿಗೆ ಕೈ ತೂರಿಸಿ ತಗಡು ತಡವಿದಳು. ಹೊರಗೆಳೆದ ಅಂಗೈಯನ್ನು ಅವನ ಮುಖದೆದುರು ಹಿಡಿದಳು. ಹನಿ ಇಲ್ಲ.

"ಒಪ್ಕೊಂಡೆ," ಎಂದ ಅವನು. ತಂಗಿಯ ಕಡೆ ತಿರುಗಿ, "ಆ ಸುಕ್ಕಿಗೆ ನಾನಾಗಿದ್ರೆ ಬ್ಲೇಡು ಹಾಕ್ಬಿಡ್ತಿದ್ದೆ," ಎಂದ.

ಮರುದಿನ ಗಿಡ ಇಳಿಸಿದ ಪ್ರತಿ ಮನೆಯ ಮುಂದೂ ಅಕ್ಕ ಬಾಗಿಲು ಅಗಲಿಸಿ ನಿಂತಳು. "ನೋಡಿ, ಪೂರ್ತಿ ಒಂದೇ ತುಂಡು. ನಮ್ಮ ತಂಗಿ ಕೈಕೆಲಸ. ಮುಟ್ಟಿ ನೋಡಿ, ಪರವಾಗಿಲ್ಲ."

"ಸಾಕು ಬಿಡಕ್ಕ, ಮಾನ ಹೋಗತ್ತೆ," ಎಂದು ಪಕ್ಕದ ಸೀಟಿನಲ್ಲಿ ಕೂತ ತಂಗಿ ಪಿಸುಗುಟ್ಟುತ್ತಿದ್ದಳು. ಆದರೂ ಮುಂದಿನ ಗೇಟಿನ ಬಳಿ ಗಾಡಿ ನಿಂತಾಗ, ನೋಡುವವರಿಗೆ ಅಡ್ಡವಾಗದಿರಲೆಂದು ಎರಡೂ ಕಾಲನ್ನು ತಾನೇ ಸೀಟಿನ ಮೇಲೆ ಮಡಚಿಟ್ಟುಕೊಂಡಳು.