ಎಕ್ಸ್-ರೇ ಸೊಸೆ

ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ತರಕಾರಿ ಭಯ್ಯಾನಿಂದ ಹಿಡಿದು ನಮ್ಮ ಮನೆಯವರು ಅಶ್ವತ್ಥನಾರಾಯಣರ ತನಕ ದೆಹಲಿಯ ಈ ರೋಹಿಣಿ ಬಡಾವಣೆಯಲ್ಲಿ ಇದರ ರುಚಿ ನೋಡದವರಿಲ್ಲ. ಸೊಸೆ ಹಂಸಿನಿಯದು ಬೇರೆ ಥರ. ಕೂಗುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಏನು ಕೇಳಿದರೂ "ಹೂಂ ಅತ್ತೆ" ಎನ್ನುತ್ತಾಳೆ, ಅಷ್ಟೆ. ಕನ್ನಡ ಸಂಘದ ರಾಜ್ಯೋತ್ಸವದ ಊಟ ಮುಗಿಸಿ ಬಂದಾಗಿನಿಂದ ಅವಳ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು.

ಅಲ್ಲಿ ಆದದ್ದಿಷ್ಟು. ಸೊಸೆಗೆ ಏನು ಕೆಲಸ ಎಂದು ಸಂಘದ ಚಂದ್ರಮೋಹನರ ಹೆಂಡತಿ ಕೇಳಿದರು. ಗ್ಯಾಲಕ್ಸಿ, ಉಪಗ್ರಹ ಎಂದೆಲ್ಲ ವಿವರಿಸಹೋದರೆ ನನ್ನ ನಾಲಿಗೆ ತೊಡರುತ್ತದೆ. ಎಕ್ಸ್-ರೇ ಕೆಲಸ ಎಂದುಬಿಟ್ಟೆ. ಅದು ಸುಳ್ಳಲ್ಲ. ಯಾವ ಆಸ್ಪತ್ರೆ ಎಂದರು, ಸರ್ಕಾರಿ ಎಂದೆ. ಅದು ಸುಳ್ಳು. ಊಟಕ್ಕೆ ಕೂತಾಗ ಆಕೆ ಫೋನಿನಲ್ಲಿದ್ದ ತಮ್ಮ ಮಂಡಿಯ ಎಕ್ಸ್-ರೇ ತೆಗೆದು ಹಂಸಿನಿಯ ಮುಂದೆ ಹಿಡಿದರು. ಇದನ್ನು ನೋಡಿ ಹೇಳಲು ತನಗೆ ಬರುವುದಿಲ್ಲ ಎಂದು ಹಂಸಿನಿ ಮೆಲ್ಲಗೆ ಹೇಳಿದಳು. ಸುತ್ತ ಕೂತವರು ನಕ್ಕರು. ಅವಳು ಒಮ್ಮೆ ನನ್ನ ಮುಖ ನೋಡಿ ಎಲೆಗೆ ಕೈಹಾಕಿದಳು.

ಆಮೇಲೆ ಮಗ ಅನೂಪ್ ನೋಯ್ಡಾದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೇವೆ, ಆಫೀಸಿಗೆ ಹತ್ತಿರ ಎಂದ. ಅವನ ಆಫೀಸು ಮದುವೆಗೆ ಮುಂಚಿನಿಂದಲೂ ಅಲ್ಲೇ ಇದೆ. ಒಂದು ಸಣ್ಣ ಮಾತಿಗೆ ಇಷ್ಟು ಹಟವೇ ಎಂದು ಒಳಗೊಳಗೇ ಕುದ್ದೆ. ನಿಜ ಹೇಳಬೇಕೆಂದರೆ ಹೆದರಿದೆ. ಆ ಹುಡುಗಿ ಇಲ್ಲದ ಮನೆ ನನಗೆ ಬೇಕಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಬಾಲ್ಕನಿಯ ಬಿಸಿಲಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದೆ. ಪಕ್ಕದಲ್ಲಿ ಹಂಸಿನಿ ಲ್ಯಾಪ್‌ಟಾಪ್ ತೆರೆದಿದ್ದಳು. ಪರದೆಯ ಮೇಲೆ ಅಂಕುಡೊಂಕು ಗೆರೆಯೊಂದಿತ್ತು. ನಮ್ಮವರು ಇಣುಕಿ ನೋಡಿ, ಶೇರು ಮಾರುಕಟ್ಟೆಯೇನಮ್ಮ ಎಂದರು. ಅಲ್ಲ, ದೂರದ ಒಂದು ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಪಕ್ಕದಿಂದ ಬರುವ ಎಕ್ಸ್-ರೇ ಎಂದಳು. ನಮ್ಮ ಗಾಳಿ ಅದನ್ನು ತಡೆಯುತ್ತದಂತೆ, ಅದಕ್ಕೇ ಆಕಾಶದಾಚೆ ದುರ್ಬೀನು ಇಟ್ಟು ನೋಡುತ್ತಾರಂತೆ. ಅದು ಹೀಗೇಕೆ ಹತ್ತಿ ಇಳಿಯುತ್ತದೆ ಎಂದು ಇವರು ಬಿಡದೆ ಕೇಳಿದರು.

"ಅದರಿಂದಾನೇ ಸೈಜ್ ಗೊತ್ತಾಗೋದು ಮಾವ. ಒಂದು ಗಂಟೇಲಿ ಏರಿ ಇಳಿದ್ರೆ ಆ ಜಾಗ ಚಿಕ್ಕದು. ಮತ್ಲಬ್, ಬೆಳಕು ಒಂದು ಗಂಟೇಲಿ ದಾಟೋ ಅಷ್ಟರೊಳಗೇ ಇರ್ಬೇಕು. ತುಂಬಾ ದೊಡ್ಡ ಬ್ಲ್ಯಾಕ್ ಹೋಲ್ ಆದ್ರೆ ಧೀರೇ ಧೀರೇ ಬದಲಾಗತ್ತೆ. ತಿಂಗಳುಗಟ್ಟಲೆ."

ನನ್ನ ಕೈ ನಿಂತಿತು. ಗಂಟೆಯೊಳಗೆ ಇಳಿಯುವ ನನ್ನ ಸಿಟ್ಟು ಎಷ್ಟರದ್ದು ಎಂದು ತಿಳಿಯಿತು. ಇಷ್ಟು ವಾರವಾದರೂ ಇಳಿಯದ ಇವಳದನ್ನು ನಾನು ಹಟ ಎಂದುಕೊಂಡಿದ್ದೆನಲ್ಲ.

"ಹಂಸಿನಿ, ನಿನಗೆ ಆಗಿರೋ ನೋವು ದೊಡ್ಡದೇ, ಅಲ್ವಾ?" ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಕೆಲಸ ಹೇಳೋಕೆ ನಿಮಗೆ ಶರಮ್ ಆಯ್ತು ಅತ್ತೆ."

ತಿರುಗಿ ಅನ್ನಲು ಹತ್ತು ಮಾತು ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ.

"ನಾಚಿಕೆ ಅಲ್ಲಮ್ಮ. ಏನು ಹೇಳ್ಬೇಕು ಅಂತಾನೇ ಗೊತ್ತಿರಲಿಲ್ಲ. ನೀನು ಈ ಮನೆಗೆ ಬಂದಾಗಿಂದ ಒಂದಿನಾನೂ ನಾನು ಕೇಳಲೇ ಇಲ್ಲ."

ನಮ್ಮವರು ಪೇಪರ್ ಎತ್ತಿಕೊಂಡು ಒಳಗೆ ಹೋದರು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಬಾಯಿ ಬಿಗಿಹಿಡಿದು ಬಟಾಣಿ ಬಿಡಿಸಿದೆ, ಆ ಕಷ್ಟ ನನಗೇ ಗೊತ್ತು. ಕೊನೆಗೆ ಅವಳೂ ಒಂದು ಹಿಡಿ ಬಟಾಣಿ ಎಳೆದುಕೊಂಡು ಬಿಡಿಸುತ್ತ, ಶನಿವಾರ ನೋಯ್ಡಾದ ಮನೆ ನೋಡಲು ಹೋಗುತ್ತಿದ್ದೇವೆ ಎಂದಳು.

"ನೀವೂ ಬನ್ನಿ ಅತ್ತೆ," ಎಂದಳು. "ಬಹೂ ಏನ್ ಮಾಡ್ತಾಳೆ ಅಂತ ಓನರ್ ಕೇಳೇ ಕೇಳ್ತಾರೆ. ನೀವೇ ಹೇಳಿ."